ವಾಪಸ್ ಯಜಮಾನರ ಕಾಯ್ಲು

ನನ್ನ ಅಂಗಡಿಯಲ್ಲಿ ಗಲ್ಲಾಪೆಟ್ಟಿಗೆಯ ಹಿಂದಿನ ಗೋಡೆಗೆ ‘ಮಾರಿದ ಮಾಲನ್ನು ವಾಪಸ್ ತೆಗೆದುಕೊಳ್ಳುವುದಿಲ್ಲ’ ಎಂಬ ಬೋರ್ಡು ನೇತುಹಾಕಿದೆ. ಎಲ್ಲ ಗಿರಾಕಿಗಳಿಗೂ ಸೇರಿಸಿ ಬರೆಸಿದ್ದೆಂದು ಜನ ತಿಳಿದಿದ್ದಾರೆ. ನಿಜವಾಗಿ ಅದನ್ನು ಬರೆಸಿದ್ದು ಒಬ್ಬರಿಗಾಗಿ. ತೂಗುಹಾಕಿದ ದಿನವೇ ಅವರು ಬಂದರು. ಕತ್ತೆತ್ತಿ, ಅಕ್ಷರಕ್ಕೆ ಅಕ್ಷರ ಕೂಡಿಸಿ, ಬೀದಿಗೆ ಕೇಳುವ ಹಾಗೆ ಓದಿದರು. “ಚೆಂದಾಗಿ ಬರ್ಸಿದ್ದೀಯ ಕಣಪ್ಪ” ಎಂದು ಮೆಚ್ಚಿದರು. ಆಮೇಲೆ ಕೈಚೀಲದಿಂದ ಹಿಂದಿನ ವಾರ ಒಯ್ದಿದ್ದ ಫ್ಯಾನ್ ಬೆಲ್ಟು ತೆಗೆದು ನನ್ನ ಮುಂದಿಟ್ಟರು.

“ಯಜಮಾನ್ರೇ, ಬೋರ್ಡು ಓದಿದ್ರಲ್ಲ?” ಎಂದೆ.

“ಮಾರಿದ ಮಾಲು ಅಂತಲ್ವಾ ಬರ್ಸಿರಾದು? ನಾನಿನ್ನೂ ಕೊಂಡ್ಕಂಡಿಲ್ವಲ್ಲ. ನೋಡಾಕೆ ತಗಂಡೋಗಿದ್ದೆ.”

ಕೊಳ್ಳುವುದಕ್ಕೂ ನೋಡುವುದಕ್ಕೂ ನಡುವೆ ಅವರ ಕಾನೂನಿನಲ್ಲಿ ಒಂದು ರೇಷ್ಮೆ ಬೆಳೆಯಷ್ಟು ಅಂತರವಿತ್ತು. ಹುಳುವಿನ ಮೊಟ್ಟೆ ಮನೆಗೆ ತಂದ ದಿನದಿಂದ ಗೂಡು ಬಿಡಿಸಿ ಮಾರ್ಕೆಟ್ಟಿಗೆ ಹಾಕುವವರೆಗೆ ಯಾವ ಪದಾರ್ಥವೇ ಆಗಲಿ ಅವರ ಮನೆಯಲ್ಲಿ ನೆಂಟನ ಹಾಗೆ ಇರುತ್ತಿತ್ತು. ಬೆಳೆ ಮುಗಿದ ಮೇಲೂ ಬೇಸರ ಬಾರದಿದ್ದರೆ ಮನೆಯದಾಗುತ್ತಿತ್ತು. ಬಂದರೆ ಬಂದ ದಾರಿಯಲ್ಲೇ ಹೊರಡುತ್ತಿತ್ತು. ಮೊಮ್ಮಗಳಿಗೆಂದು ಕೊಂಡ ಮರದ ಕುದುರೆಯ ಎಡಗಾಲಿನ ಚಕ್ರ ಬೇರೆ ಥರ ಸದ್ದು ಮಾಡುತ್ತದೆಂದು ಚನ್ನಪಟ್ಟಣದವರೆಗೆ ಬಸ್ಸಿನಲ್ಲಿ ಹೋಗಿ ಕೊಟ್ಟುಬಂದಿದ್ದರು. ಮಗಳಿಗೆ ಮಾಗಡಿ ಕಡೆಯಿಂದ ಬಂದ ಗಂಡನ್ನು, ತಾಂಬೂಲ ಹಿಡಿದ ಮೇಲೆ, ಹುಡುಗ ಕಾಫಿಯನ್ನು ಸೊರ್ರನೆ ಕುಡಿಯುತ್ತಾನೆಂದು ವಾಪಸ್ ಕಳಿಸಿದ್ದರು. ದೇವರನ್ನೂ ಬಿಡಲಿಲ್ಲ. ಬಾವಿಯಲ್ಲಿ ನೀರು ಬಂದರೆ ಮುಡಿ ಕೊಡುತ್ತೇನೆಂದು ಸಾವನದುರ್ಗದ ದೇವರಿಗೆ ಹರಕೆ ಹೊತ್ತಿದ್ದರಂತೆ. ನೀರೇನೋ ಬಂತು, ಆದರೆ ಒಂದಿಷ್ಟು ಉಪ್ಪು. ಇವರು ಬೆಟ್ಟಕ್ಕೆ ಹೋಗಿ ತಲೆಗೂದಲನ್ನು ಹಾಗೇ ಉಳಿಸಿಕೊಂಡು ಗಡ್ಡ ಮಾತ್ರ ಕೊಟ್ಟು ಬಂದರು.

ಹೀಗಾಗಿ ನಮ್ಮ ಬೀದಿಯಲ್ಲಿ ಅವರಿಗೆ ವಾಪಸ್ ಯಜಮಾನರು ಎಂದೇ ಹೆಸರು. ಅದು ಅವರ ಕಿವಿಗೂ ಬಿದ್ದಿತ್ತು. ಬೇಜಾರೇನೂ ಮಾಡಿಕೊಂಡಿರಲಿಲ್ಲ.

ಗಿಡ್ಡ ಆಳು, ಅಗಲ ಎದೆ, ಹೆಗಲ ಮೇಲೆ ಬಿಳಿ ಟವಲ್ಲು. ಏನನ್ನೇ ಕೈಗೆ ತೆಗೆದುಕೊಂಡರೂ ಮೊದಲು ಉಗುರಿನಿಂದ ಟಣ್ಣೆಂದು ಬಾರಿಸಿ ಕಿವಿಗೊಟ್ಟು ಕೇಳುತ್ತಿದ್ದರು. ತೆಂಗಿನಕಾಯಿ, ಮಡಕೆ, ಸ್ಪಾರ್ಕ್ ಪ್ಲಗ್ಗು, ಯಾವುದಕ್ಕೂ ಈ ಪರೀಕ್ಷೆ ತಪ್ಪುತ್ತಿರಲಿಲ್ಲ. ನನ್ನ ಮದುವೆಗೆ ಬಂದವರು ಆಶೀರ್ವಾದಕ್ಕೆಂದು ಬಗ್ಗಿದ ನನ್ನ ತಲೆಗೂ ಒಂದು ಬಾರಿಸಿ, “ಒಳಗೆ ಜಾಗ ಬೇಕಾದಷ್ಟೈತೆ” ಎಂದು ನಮ್ಮ ಮಾವನವರಿಗೆ ವರದಿ ಒಪ್ಪಿಸಿದ್ದರು.

ಅವರ ತೀರ್ಮಾನ ತಪ್ಪೇನಲ್ಲ. ಗಾಡಿಗಳ ಬಿಡಿಭಾಗ ಮಾರುವ ಈ ಅಂಗಡಿ ನನ್ನ ಸೋದರಮಾವನಿಂದ ನನ್ನ ಪಾಲಿಗೆ ಬಂದದ್ದು. ರಾಮನಗರದ ರೇಷ್ಮೆಗೂಡಿನ ಮಾರುಕಟ್ಟೆಯ ಹಿಂದಿನ ಗಲ್ಲಿ. ರೇಷ್ಮೆ ನಮ್ಮ ಕಡೆಯ ಜನರ ಕೈ ಹಿಡಿದ ಕಾಲ ಅದು. ಬೆಳಿಗ್ಗೆ ಗೂಡು ಹಾಕಿ ಹೊರಗೆ ಬಂದ ರೈತ ಮಧ್ಯಾಹ್ನದೊಳಗೆ ಏನಾದರೂ ಕೊಂಡೇ ಊರಿಗೆ ಹೋಗಬೇಕು. ಟ್ರಾನ್ಸಿಸ್ಟರು, ವಾಚು, ಸೀಲಿಂಗ್ ಫ್ಯಾನು, ಇನ್ನೂ ಗಟ್ಟಿಯಿದ್ದವರು ಹೊಸ ಟ್ರ್ಯಾಕ್ಟರು. ಅಂಥ ಜಾತ್ರೆಯಲ್ಲಿ ಅಂಗಡಿ ನಡೆಸಲು ತಿಳಿವಳಿಕೆಯೇನೂ ಬೇಕಿರಲಿಲ್ಲ. ನನಗೆ ಟ್ರ್ಯಾಕ್ಟರು ಓಡಿಸಲು ಇವತ್ತಿಗೂ ಬಾರದು. ಯಾರಾದರೂ ಕೆಟ್ಟ ಸಾಮಾನು ತಂದು ತೋರಿಸಿದರೆ ಅದನ್ನು ಬೆಳಕಿಗೆ ಹಿಡಿದು, ಹುಬ್ಬು ಗಂಟಿಕ್ಕಿ, “ಹೂಂ” ಎನ್ನುತ್ತಿದ್ದೆ. ಆ ಹೂಂಕಾರವೇ ನನ್ನ ಬಂಡವಾಳ. ಅದಕ್ಕೆ ಮರುಳಾಗದವರು ಇವರೊಬ್ಬರೇ. ನಾನು ಹೂಂ ಎಂದರೆ ಅವರು, “ಏನ್ ಹೂಂ?” ಎನ್ನುತ್ತಿದ್ದರು.

ಅವರದೂ ಒಂದು ಟ್ರ್ಯಾಕ್ಟರಿತ್ತು. ಊರಿನವರೆಲ್ಲ ಹೊಸ ಡೀಸೆಲ್ ಗಾಡಿ ತರುತ್ತಿದ್ದಾಗ ಇವರು ಯಾವುದೋ ಎಸ್ಟೇಟಿನ ಹರಾಜಿನಿಂದ ಬೂದುಬಣ್ಣದ ಹಳೇ ವಿಲಾಯಿತಿ ಗಾಡಿಯೊಂದನ್ನು ತಂದರು. ಪೆಟ್ರೋಲಿನಲ್ಲಿ ಹೊರಡಿಸಿ, ಇಂಜಿನು ಬಿಸಿಯಾದ ಮೇಲೆ ಸೀಮೆಎಣ್ಣೆಗೆ ತಿರುಗಿಸಬೇಕಾದ ಜಾತಿಯದು. ಅವರು ನೋಡಿ ನೋಡಿ, ಬಾರಿಸಿ ಕೇಳಿ, ವಾಪಸ್ ಮಾಡದೆ ಉಳಿಸಿಕೊಂಡದ್ದು ನನಗೆ ತಿಳಿದಂತೆ ಆ ಟ್ರ್ಯಾಕ್ಟರು ಮತ್ತು ಹೆಂಡತಿ, ಎರಡೇ. ಟ್ರ್ಯಾಕ್ಟರು ತರಲು ಹೆಂಡತಿ ಕರುವಿನಿಂದ ಸಾಕಿದ್ದ ಜೋಡಿ ಎತ್ತನ್ನು ಮಾರಿದ್ದರು. ಆಕೆ ಅದನ್ನು ಮರೆತಿರಲಿಲ್ಲ. ಸೀಮೆಎಣ್ಣೆ ವಾಸನೆ ಹುಳುವಿಗೆ ಆಗದೆಂದು ಟ್ರ್ಯಾಕ್ಟರನ್ನು ಹುಳುಮನೆಯ ಹತ್ತಿರ ಸೇರಿಸುತ್ತಿರಲಿಲ್ಲ. ಅದು ದೂರದ ಹುಣಸೇಮರದ ಕೆಳಗೆ, ತಪ್ಪು ಮಾಡಿದ ಅಳಿಯನ ಹಾಗೆ, ನಿಂತಿರಬೇಕಿತ್ತು.

ಇನ್ನು ಕಾಯ್ಲಿನ ವಿಷಯ. ಡೀಸೆಲ್ ಟ್ರ್ಯಾಕ್ಟರಿಗೆ ಕಾಯಿಲ್ ಎಂಬುದೇ ಇಲ್ಲ. ಪೆಟ್ರೋಲು, ಸೀಮೆಎಣ್ಣೆಯ ಗಾಡಿಗೆ ಮಾತ್ರ ಕಿಡಿ ಹಾರಿಸಲು ಅದು ಬೇಕು. ಲೋಟದಷ್ಟು ಗಾತ್ರದ, ಮೇಲೊಂದು ಮೂತಿಯಿರುವ ಡಬ್ಬಿ. ಕಾರು ಜೀಪಿನವರಿಗೆ ಗೊತ್ತು. ನಮ್ಮ ಹಳ್ಳಿಗಳಲ್ಲಿ ಟ್ರ್ಯಾಕ್ಟರಿಗೂ ಅದು ಬೇಕಾಗುತ್ತದೆಂದು ತಿಳಿದಿದ್ದವರು ಯಜಮಾನರೊಬ್ಬರೇ. ಅವರ ಬಾಯಲ್ಲಿ ಅದು ಕಾಯ್ಲು. ಆ ಪದ ಇನ್ನಾರಿಗೂ ಪರಿಚಯವಿರದ ಕಾರಣ ಆದ ಅನಾಹುತದಲ್ಲಿ ನಾನು ಮೂರ್ಖನಾದದ್ದನ್ನು ಈಗ ಹೇಳುತ್ತೇನೆ.

ಒಂದು ದಿನ ಬೆಳಿಗ್ಗೆ ಅಂಗಡಿಯ ಬಾಗಿಲು ತೆಗೆಯುತ್ತಿದ್ದೆ. ಬೈರಮಂಗಲದ ಕಡೆಯಿಂದ ಬಂದ ಬಸ್ಸಿನ ಕಂಡಕ್ಟರು ಗಲ್ಲಿಯ ತುದಿಯಲ್ಲಿ ನಿಂತು ಕೂಗಿದ: “ಅಣ್ಣಾ, ವಾಪಸ್ ಯಜಮಾನ್ರು ಹೇಳ್ಕಳ್ಸವ್ರೆ. ಕಾಯ್ಲೆಯಂತೆ. ನಾಕ್ನೇ ಜ್ವರವಂತೆ. ಬಿರ್ನೆ ಬರ್ಬೇಕಂತೆ!”

ಮನುಷ್ಯ ಎಷ್ಟೇ ಕಾಡಲಿ, ನಾಲ್ಕನೇ ಸಲ ಜ್ವರ ಮರುಕಳಿಸಿದೆ, ನನ್ನನ್ನು ನೆನೆಸಿಕೊಂಡಿದ್ದಾರೆ ಎಂದರೆ ಹೋಗದಿರಲಾದೀತೇ? ಬಾಗಿಲು ಮತ್ತೆ ಎಳೆದೆ. ಕಾಯಿಲೆಯವರನ್ನು ನೋಡಲು ಬರಿಗೈಲಿ ಹೋಗಬಾರದೆಂದು ಚೀಲ ತುಂಬ ಮೋಸಂಬಿ, ಒಂದು ದೊಡ್ಡ ಬ್ರೆಡ್ಡು ಕೊಂಡು ಮೊಪೆಡ್ಡಿಗೆ ನೇತುಹಾಕಿ ಹೊರಟೆ. ದಾರಿಯುದ್ದಕ್ಕೂ ಅವರ ಒಳ್ಳೆಯ ಗುಣಗಳನ್ನು ನೆನೆಸಿಕೊಳ್ಳಲು ಪ್ರಯತ್ನಪಟ್ಟೆ. ಬಿಡದಿ ದಾಟುವ ಹೊತ್ತಿಗೆ ಒಂದೆರಡು ಸಿಕ್ಕಿದ್ದವು.

ಅವರ ಮನೆ ಇದ್ದ ಊರು ದಿಬ್ಬದ ಮೇಲೆ. ಹುಳುಮನೆಯ ಬಾಗಿಲಲ್ಲಿ ಅವರ ಹೆಂಡತಿ ಸೊಂಟಕ್ಕೆ ಕೈಕೊಟ್ಟು ದಾರಿ ನೋಡುತ್ತ ನಿಂತಿದ್ದರು. ಮುಖ ಬಾಡಿತ್ತು. ನಾನೂ ಮುಖ ಸಣ್ಣಗೆ ಮಾಡಿಕೊಂಡು, ದನಿ ತಗ್ಗಿಸಿ, “ಹೆಂಗೈತೆ ಅಮ್ಮಾ ಈಗ?” ಎಂದೆ.

“ಹೆಂಗಿದ್ದಾತು? ನಾಕ್ನೇ ಜ್ವರ ಎದ್ದವೆ.”

“ಎದ್ದು ಕುಂತವ್ರಾ? ಸದ್ಯ. ಹೊಟ್ಟೆಗೇನಾರ ಸೇರ್ತಾ ಐತಾ?”

“ಸೇರಾದೇನು, ಎಷ್ಟಾಕಿದ್ರೂ ಸಾಲ್ದು. ತಿಂತವೆ, ತಿಂತವೆ, ತಲೆ ಎತ್ಕಂಡು ಇನ್ನೂ ಎಲ್ಲಿ ಅಂತವೆ. ಬೆಳಿಗ್ಗೆಯಿಂದ ಉಪಾಸ.”

ಇಲ್ಲಿ ನನಗೆ ವ್ಯಾಕರಣದ ಅನುಮಾನ ಶುರುವಾಯಿತು. ಗಂಡನನ್ನು ಬಹುವಚನದಲ್ಲಿ ಕರೆಯುವುದು ಮರ್ಯಾದೆ. ಆದರೆ ಈಕೆ ಕುರಿಕೋಳಿಗಳ ಬಹುವಚನದಲ್ಲಿ ಯಾಕೆ ಕರೆಯುತ್ತಿದ್ದಾರೆ? ಸಿಟ್ಟಿರಬೇಕು ಎಂದುಕೊಂಡೆ.

“ಒಸಿ ಮೋಸಂಬಿ ರಸ ಕೊಡ್ಬೋದಾ?” ಎಂದು ಚೀಲ ಮುಂದೆ ಮಾಡಿದೆ.

ಆಕೆ ಚೀಲ ನೋಡಿದರು, ನನ್ನ ಮುಖ ನೋಡಿದರು. “ಹುಳುವಿಗಾ?” ಎಂದರು.

ನಾನು ಹುಟ್ಟಿ ಬೆಳೆದದ್ದು ರೇಷ್ಮೆಯ ಊರಿನಲ್ಲಿ. ಹುಳು ಪೊರೆ ಬಿಡಲು ಮೇವು ನಿಲ್ಲಿಸಿ ಮಂಕಾಗಿ ಕೂರುವುದಕ್ಕೆ ಜ್ವರ ಎನ್ನುತ್ತಾರೆ, ನಾಲ್ಕನೇ ಜ್ವರ ಎದ್ದ ಹುಳು ಗೂಡು ಕಟ್ಟುವವರೆಗೆ ಹಗಲೂ ರಾತ್ರಿ ಸೊಪ್ಪು ತಿನ್ನುತ್ತದೆ ಎಂದು ಎಳೆಗೂಸಿಗೂ ಗೊತ್ತು. ಕಂಡಕ್ಟರಿಗೂ ಗೊತ್ತಿತ್ತು. ಆದರೆ ಕಾಯ್ಲು ಗೊತ್ತಿರದ ಆತ ಅದನ್ನು ಕಾಯ್ಲೆ ಮಾಡಿದ. ಕಾಯ್ಲೆಯ ಪಕ್ಕದಲ್ಲಿ ನಿಂತ ಜ್ವರವನ್ನು ನಾನು ಮನುಷ್ಯರ ಜ್ವರ ಮಾಡಿದೆ. ಯಜಮಾನರು ಹೇಳಿಕಳಿಸಿದ್ದು ಇಷ್ಟೇ: ಕಾಯ್ಲು ಸುಟ್ಟಿದೆ, ಹುಳು ನಾಲ್ಕನೇ ಜ್ವರ ಎದ್ದಿವೆ, ಬೇಗ ತಾ.

ಅವರು ಕೆಳಗೆ ಕೆರೆಯ ಬಯಲಿನ ತೋಟದಲ್ಲಿದ್ದರು. ಮನೆ ದಿಬ್ಬದಲ್ಲಿ, ಹಿಪ್ಪುನೇರಳೆ ತೋಟ ನೀರಿರುವ ಕಡೆ. ನಡುವೆ ಟ್ರ್ಯಾಕ್ಟರಿಗೂ ಸಾಕೆನಿಸುವಷ್ಟು ದೂರದ ದಾರಿ. ಹೊರಡುವಾಗ ಆಕೆ ಹಿಂದಿನಿಂದ ಹೇಳಿದರು: “ಅವ್ರಿಗೆ ಹೇಳ್ಬುಡು. ಈ ಬೆಳೆ ಉಪಾಸ ಬಿತ್ತು ಅಂದ್ರೆ ಟ್ಯಾಕ್ಟ್ರು ಹೊರಕ್ಕೆ, ಎತ್ತು ಒಳಕ್ಕೆ. ಮಾತು ಮುಗೀತು.”

ತೋಟದಲ್ಲಿ ಟ್ರೇಲರಿನ ತುಂಬ ಕಡಿದ ಸೊಪ್ಪು, ಮೇಲೆ ಒದ್ದೆ ಗೋಣಿ. ಊರಿನ ಗಾಡಿಗಳೆಲ್ಲ ಅವರವರ ಹುಳುವಿನ ಸೊಪ್ಪಿಗೆ ಹೋಗಿದ್ದವು. ಯಜಮಾನರು ನೆರಳಲ್ಲಿ ಕೂತಿದ್ದವರು ನನ್ನನ್ನು ಕಂಡು ಎದ್ದು ಕೈ ಚಾಚಿದರು. “ತತ್ತಾ ಮಗಾ.”

ನನಗೆ ಬೇರೆ ದಾರಿ ಇರಲಿಲ್ಲ. ಚೀಲ ಕೊಟ್ಟೆ.

ಅವರು ಒಂದು ಮೋಸಂಬಿ ತೆಗೆದರು. ಉಗುರಿನಿಂದ ಬಾರಿಸಿ ಕೇಳಿದರು. ತಿರುಗಿಸಿ ತಿರುಗಿಸಿ ನೋಡಿದರು. “ಮಾಲು ಚೆನ್ನಾಗೈತೆ. ಇದ್ರಲ್ಲಿ ಪಾಸಿಟಿವ್ ಯಾವ ಕಡೆಗೆ?” ಎಂದರು.

ನಡೆದದ್ದನ್ನು ಹೇಳಿದೆ, ಆಕೆಯ ಮಾತನ್ನೂ ಮುಟ್ಟಿಸಿದೆ. ನಗುತ್ತಾರೆಂದುಕೊಂಡಿದ್ದೆ. ನಗಲಿಲ್ಲ. ಬಾನೆಟ್ಟಿನ ಮೇಲೆ ಅಂಗೈ ಇಟ್ಟುಕೊಂಡು ಬೇರೆ ಕಡೆ ನೋಡುತ್ತ ನಿಂತರು. “ಅವ್ಳು ಅಂದಂಗೇ ಮಾಡ್ತಾಳೆ. ಹೊತ್ತು ಮುಳುಗಾದ್ರೊಳಗೆ ಸೊಪ್ಪು ಮನೆ ಸೇರ್ಬೇಕು ಕಣಪ್ಪ, ಇಲ್ದಿದ್ರೆ ಇದು ನನ್ ಪಾಲಿಗಿಲ್ಲ.” ಯಾವಾಗಲೂ ಇನ್ನೊಬ್ಬರನ್ನು ಪರೀಕ್ಷೆ ಮಾಡುತ್ತಿದ್ದ ಮನುಷ್ಯ. ಅವರು ಹೆದರಿದ್ದನ್ನು ನಾನು ಕಂಡದ್ದು ಅದೇ ಮೊದಲು. ನನಗೆ ಸಂಕಟವಾಯಿತು.

ಸುಟ್ಟ ಕಾಯಿಲನ್ನು ಬಿಚ್ಚಿ ನನ್ನ ಕೈಗಿತ್ತರು. ಮೇಲಿನ ಬರಹವೆಲ್ಲ ಎಂದೋ ಅಳಿಸಿಹೋಗಿತ್ತು. “ಇದೇ ಎತ್ರ, ಇದೇ ದಪ್ಪ, ಇದೇ ಮೂತಿ ಇರಾದು ತತ್ತಾ. ಹನ್ನೆರಡು ವೋಲ್ಟಿಂದು. ಬೇರೆ ತಂದ್ರೆ ನಾನು ಸುಮ್ಕಿರಾನಲ್ಲ ಅಂತ ಗೊತ್ತಲ್ಲ.” ಗೊತ್ತಿಲ್ಲದೆ ಏನು.

ಮೊಪೆಡ್ಡಿಗೆ ಇರುವ ಜೀವವನ್ನೆಲ್ಲ ಹಿಂಡಿ ರಾಮನಗರಕ್ಕೆ ಬಂದೆ. ಅಂಗಡಿಯಲ್ಲಿ ಒಂದೇ ಒಂದು ಕಾಯಿಲಿತ್ತು. ಎತ್ತರ ಅದೇ, ದಪ್ಪ ಅದೇ, ಮೂತಿ ಅದೇ. ಡಬ್ಬದ ಮೇಲೆ ಹನ್ನೆರಡು ವೋಲ್ಟೆಂದು ಬರೆದಿತ್ತು. ನನಗೆ ಇನ್ನೇನು ಬೇಕು? ಜೊತೆಗೆ ಹೆಬ್ಬೆರಳುದ್ದದ ಒಂದು ಬಿಳಿ ಪಿಂಗಾಣಿ ತುಂಡು, ಎರಡು ತುದಿಗೆ ತಗಡು. ಸಾಗಿಸುವಾಗ ಕಾಯಿಲು ಅಲ್ಲಾಡದಿರಲೆಂದು ತುರುಕಿದ್ದಾರೆಂದು ತೀರ್ಮಾನಿಸಿ, ಅದನ್ನು ಡ್ರಾಯರಿಗೆ ಎಸೆದು, ಕಾಯಿಲನ್ನು ಜೇಬಿಗೆ ಹಾಕಿಕೊಂಡು ಹೊರಟೆ. ಅಭ್ಯಾಸಬಲದಿಂದ ಒಮ್ಮೆ ಹೂಂ ಎಂದೂ ಅಂದಿರಬೇಕು.

ನಾನು ಮರಳಿ ತೋಟ ಸೇರಿದಾಗ ಬಿಸಿಲು ಇಳಿಯತೊಡಗಿತ್ತು. ಮೋಸಂಬಿ ಸಿಪ್ಪೆಯ ಸಣ್ಣ ರಾಶಿಯೊಂದು ಬದುವಿನ ಮೇಲಿತ್ತು. ಬ್ರೆಡ್ಡೂ ಖಾಲಿ. ಯಜಮಾನರು ಕಾಯಿಲನ್ನು ಬಾರಿಸಿ ಕೇಳಿ, ಕೂರಿಸಿ, ವೈರು ಬಿಗಿದರು. ಪ್ಲಗ್ಗನ್ನು ಹೊರಗೆ ತೆಗೆದು ಕಿಡಿ ನೋಡಿದರು. ನೀಲಿಯಾದ ದಪ್ಪ ಕಿಡಿ ಚಟ್ಟೆಂದು ಹಾರಿತು. ಅಂಥ ಕಿಡಿಯನ್ನು ಆ ಟ್ರ್ಯಾಕ್ಟರು ಹರೆಯದಲ್ಲೂ ಕಂಡಿರಲಾರದು. ನಾನು ಬೀಗಿದೆ.

“ತಣ್ಣಗಿದ್ದಾಗ ಎಲ್ಲಾ ನೆಟ್ಟಗಿರ್ತವೆ. ಬಿಸಿ ಆದ್ಮ್ಯಾಲೆ ನೋಡಾನ” ಎಂದರು. ಮಾಲಿಗಾಗಲಿ ಮನುಷ್ಯರಿಗಾಗಲಿ ಅವರು ಹೇಳುತ್ತಿದ್ದ ಮಾತೇ ಅದು.

ಗಾಡಿ ಹೊರಟಿತು. ನಾನೂ ಮಡ್‌ಗಾರ್ಡಿನ ಮೇಲೆ ಕೂತೆ, ವಿಜಯಯಾತ್ರೆಯಲ್ಲಿ ಭಾಗವಹಿಸುವ ಆಸೆ. ಅರ್ಧ ದಾರಿಗೆ ಇಂಜಿನು ಒಂದು ಸಲ ಸೀನಿತು, ಎರಡು ಸಲ ಕೆಮ್ಮಿತು, ನಿಂತಿತು. ಯಜಮಾನರು ಇಳಿದು ಕಾಯಿಲನ್ನು ಮುಟ್ಟಿ ಸರಕ್ಕನೆ ಕೈ ತೆಗೆದರು. ದೋಸೆಕಲ್ಲಿನ ಹಾಗೆ ಕಾದಿತ್ತು.

ನನ್ನ ಕಡೆ ನೋಡಿದರು. ಬೈಗುಳಕ್ಕೆ ನಾನು ತಲೆ ಬಗ್ಗಿಸಿ ಸಿದ್ಧನಾದೆ. ಬೈ‌ಯಲಿಲ್ಲ. ಹೆಗಲ ಟವಲ್ಲು ತೆಗೆದು, ರಸ್ತೆಬದಿಯ ಕಾಲುವೆಯಲ್ಲಿ ಅದ್ದಿ, ಮೂತಿಗೆ ನೀರು ತಾಗದ ಹಾಗೆ ಕಾಯಿಲಿನ ಹೊಟ್ಟೆಗೆ ಮಾತ್ರ ಸುತ್ತಿದರು. ಚುಂಯ್ ಎಂದಿತು. ಸ್ವಲ್ಪ ಹೊತ್ತು ಕಾದು ತಿರುಗಿಸಿದರೆ ಇಂಜಿನು ಎದ್ದಿತು.

ಅಲ್ಲಿಂದ ಮುಂದೆ ನನ್ನ ಕೆಲಸ ಗೊತ್ತಾಯಿತು. ರೇಡಿಯೇಟರಿಗೆಂದು ಇಟ್ಟಿದ್ದ ನೀರಿನ ಡಬ್ಬ ಒಂದು ಕೈಲಿ, ಇನ್ನೊಂದು ಕೈಲಿ ಗಾಡಿಯ ಕಂಬಿ. ಟವಲ್ಲು ಒಣಗುತ್ತ ಬಂದ ಹಾಗೆಲ್ಲ ಮುಂದಕ್ಕೆ ಬಗ್ಗಿ ನೀರು ಚಿಮುಕಿಸಬೇಕು. ಕುರಿ ಹೊಡೆದುಕೊಂಡು ಎದುರಿಗೆ ಬಂದವನೊಬ್ಬ ಬದಿಗೆ ಸರಿದು ನಿಂತು ಕೇಳಿದ, “ಏನಣ್ಣಾ, ಟ್ಯಾಕ್ಟ್ರಿಗೆ ಜ್ವರವಾ?” ಕಾಯಿಲೆಯವರ ಸೇವೆಗೆಂದು ಬೆಳಿಗ್ಗೆ ಮನೆಬಿಟ್ಟವನು ನಾನು. ಹೌದೆಂದು ತಲೆಯಾಡಿಸಿದೆ. ಆ ಕಂಡಕ್ಟರನನ್ನು ಅಲ್ಲಿಯವರೆಗೆ ಮನಸ್ಸಿನಲ್ಲೇ ಬೈಯುತ್ತಿದ್ದೆ, ಅದನ್ನು ನಿಲ್ಲಿಸಿದೆ.

ಹೊತ್ತು ಮುಳುಗುವ ಮುಂಚೆ ಹುಣಸೇಮರ ಸೇರಿದೆವು. ಅಕ್ಕಪಕ್ಕದ ಹೆಂಗಸರೆಲ್ಲ ಓಡಿಬಂದು ಸೊಪ್ಪನ್ನು ತಲೆಯ ಮೇಲೆ ಹೊತ್ತು ಹುಳುಮನೆಗೆ ಸಾಗಿಸಿದರು. ಯಜಮಾನರ ಹೆಂಡತಿ ಬರುತ್ತಿರುವುದನ್ನು ಕಂಡದ್ದೇ ಇವರು ಕಾಯಿಲಿನಿಂದ ಟವಲ್ಲನ್ನು ಕಿತ್ತು ತಲೆಗೆ ಸುತ್ತಿಕೊಂಡರು. ನಾನು ಡಬ್ಬವನ್ನು ಬೆನ್ನ ಹಿಂದೆ ಹಿಡಿದೆ.

“ಕಾಯ್ಲು ಸರಿಹೋಯ್ತಾ?” ಎಂದರು ಆಕೆ.

ನಾನು ಬಾಯಿ ತೆರೆಯುವ ಮೊದಲೇ ಯಜಮಾನರು, “ಸರಿಹೋಯ್ತು. ಫಸ್ಟ್ ಕ್ಲಾಸ್ ಮಾಲು ಕೊಟ್ಟವ್ನೆ” ಎಂದರು.

ಅವರ ಬಾಯಿಂದ ಯಾವ ಅಂಗಡಿಯ ಯಾವ ಮಾಲಿಗೂ ಅಂಥ ಮಾತು ಬಂದಿರಲಿಲ್ಲ. ನನಗೆ ನಾಚಿಕೆಯೂ ಆಯಿತು, ಸುಳ್ಳೆಂದು ಗೊತ್ತಿದ್ದೂ ಖುಷಿಯೂ ಆಯಿತು.

“ತಲೆ ಯಾಕೆ ಹಂಗೆ ಸೋರ್ತಾ ಐತೆ?”

“ಸೆಕೆ ಕಣಮ್ಮಿ” ಎಂದರು ಯಜಮಾನರು. ಕಿವಿಯ ಪಕ್ಕದಲ್ಲಿ ನೀರು ಇಳಿಯುತ್ತಿತ್ತು. ಆಕೆ ಒಂದು ಕ್ಷಣ ನಿಂತು ನೋಡಿ, ಸೊಪ್ಪಿನ ಹೊರೆ ಹೊತ್ತುಕೊಂಡು ಹೊರಟುಹೋದರು. ಬೆಳೆ ಉಳಿಯಿತು. ಟ್ರ್ಯಾಕ್ಟರೂ ಉಳಿಯಿತು.

ಕೆಲವು ದಿನಗಳ ಮೇಲೆ ಬೆಂಗಳೂರಿನಿಂದ ಸಾಮಾನು ತರುವ ಹೋಲ್‌ಸೇಲಿನವನಿಗೆ ಈ ಕತೆ ಹೇಳಿದೆ. ಆತ ನನ್ನ ಡ್ರಾಯರಿನಿಂದ ಪಿಂಗಾಣಿ ತುಂಡನ್ನು ತೆಗೆದು ತೋರಿಸಿ ಹೊಟ್ಟೆ ಹಿಡಿದುಕೊಂಡು ನಕ್ಕ. ಕಾಯಿಲಿನಲ್ಲಿ ಎರಡು ಜಾತಿಯಂತೆ. ಒಂದು ಬ್ಯಾಟರಿಯ ಪೂರ್ತಿ ಕರೆಂಟನ್ನು ತಾನೇ ತಾಳಿಕೊಳ್ಳುತ್ತದೆ. ಇನ್ನೊಂದಕ್ಕೆ ಆಗುವುದಿಲ್ಲ, ವೈರಿನ ನಡುವೆ ಈ ತುಂಡನ್ನು ಕೂರಿಸಿ ಕರೆಂಟನ್ನು ಒಂದಿಷ್ಟು ತಡೆದು ಕೊಡಬೇಕು. ಹೊರಗಿನಿಂದ ನೋಡಿದರೆ ಎರಡೂ ಒಂದೇ. ಯಜಮಾನರ ಗಾಡಿಗೆ ಬೇಕಾದದ್ದು ಮೊದಲನೆಯದು. ನಾನು ಕೊಟ್ಟದ್ದು ಎರಡನೆಯದು, ಅದೂ ತುಂಡಿಲ್ಲದೆ. ತುಂಡಿಲ್ಲದಿದ್ದರೆ ಕಿಡಿಯೇನೋ ಭರ್ಜರಿ, ಆದರೆ ಕಾಯಿಲು ಕಾಯುತ್ತದೆ, ಕರೆಂಟನ್ನು ಕಡಿದು ಕೂಡಿಸುವ ಪಾಯಿಂಟು ಸುಡುತ್ತದೆ.

ಸರಿಯಾದ ಕಾಯಿಲು ತರಿಸಿ, ಪಿಂಗಾಣಿ ತುಂಡನ್ನೂ ಜೇಬಿಗೆ ಹಾಕಿಕೊಂಡು ಅವರೂರಿಗೆ ಓಡಿದೆ. ಯಜಮಾನರು ನನ್ನನ್ನು ರೆಟ್ಟೆ ಹಿಡಿದು ಹುಣಸೇಮರದ ಹಿಂದಕ್ಕೆ ಎಳೆದೊಯ್ದರು.

“ಚೆನ್ನಾಗೈತೆ ಅಂದ್ಬುಟ್ಟಿವ್ನಿ. ಈಗ ಬಿಚ್ಚಿ ಹೊಸ್ದು ಹಾಕಿದ್ರೆ ಅವ್ಳು ಬುಟ್ಟಾಳಾ?”

“ಹೋಗ್ಲಿ, ಈ ತುಂಡಾದ್ರೂ ತೋಟದಲ್ಲಿ ಹಾಕ್ಕಳಿ. ಯಾರೂ ನೋಡಕಿಲ್ಲ.”

“ದಿನಾ ಬೆಳಿಗ್ಗೆ ಅದ್ರ ಮಕ ನೋಡಿ ಉಗುದು ಹೋಗೋಳು ಕಣ್ಲಾ ಅವ್ಳು. ಬೂದು ಗಾಡಿ ಮ್ಯಾಲೆ ಇಷ್ಟುದ್ದ ಬಿಳೀದು ಹೊಸ್ದಾಗಿ ಕಂಡ್ರೆ ಕೇಳ್ದೆ ಇದ್ದಾಳಾ?” ಆಮೇಲೆ ದನಿ ತಗ್ಗಿಸಿ, “ಮಾಲಾದ್ರೆ ವಾಪಸ್ ಕೊಡ್ಬೋದು ಮಗಾ. ಮಾತು ವಾಪಸ್ ತಗಳಾಕಾಯ್ತದಾ?” ಎಂದರು.

ಹೀಗೆ ಜೀವಮಾನವೆಲ್ಲ ಒಳ್ಳೆಯ ಮಾಲನ್ನು ವಾಪಸ್ ಕೊಟ್ಟ ಮನುಷ್ಯ ಒಂದು ಕೆಟ್ಟ ಮಾಲನ್ನು ಉಳಿಸಿಕೊಂಡರು. ಒದ್ದೆ ಬಟ್ಟೆ ಸುತ್ತಿಕೊಂಡೇ ಆ ಟ್ರ್ಯಾಕ್ಟರು ಬೆಳೆಯ ಮೇಲೆ ಬೆಳೆ ಸೊಪ್ಪು ಹೊತ್ತಿತು. ಪಾಯಿಂಟು ಸುಟ್ಟಾಗಲೆಲ್ಲ ಅಂಗಡಿಗೆ ಬಂದು ಹೊಸದು ಒಯ್ಯುತ್ತಿದ್ದರು. ತುಟಿಗೆ ಬೆರಳಿಟ್ಟುಕೊಂಡು ಕಣ್ಣು ಮಿಟುಕಿಸುತ್ತಿದ್ದರು. ನಾನೂ ಮಿಟುಕಿಸುತ್ತಿದ್ದೆ. ಅಷ್ಟು ದೊಡ್ಡ ಮನುಷ್ಯರ ಗುಟ್ಟೊಂದು ನನ್ನ ಕೈಯಲ್ಲಿದೆಯೆಂದು ನನಗೆ ಒಳಗೊಳಗೇ ಜಂಬ. ನನ್ನ ಹೆಂಡತಿಗೂ ಹೇಳಿರಲಿಲ್ಲ. ಹೂಂಕಾರ ಬಿಟ್ಟರೆ ಜೀವನದಲ್ಲಿ ನಾನು ನಿಷ್ಠೆಯಿಂದ ಕಾಪಾಡಿಕೊಂಡು ಬಂದದ್ದು ಅದೊಂದೇ.

ಹೋದ ತಿಂಗಳು ಯಜಮಾನರು ತೀರಿಕೊಂಡರು. ಸುದ್ದಿ ಅಂಗಡಿಗೆ ಬಂತು. ನನ್ನನ್ನು “ಏನ್ ಹೂಂ?” ಎಂದು ಕೇಳುವವರು ಇನ್ನಿಲ್ಲವಲ್ಲ ಎಂದು ಅಳು ಬಂತು. ತಿಥಿ ಕಳೆದ ಮೇಲೆ ಆಕೆಯನ್ನು ಮಾತಾಡಿಸಲು ಹೋದೆ.

ಆಕೆ ಜಗಲಿಯ ಮೇಲೆ ಕೂತಿದ್ದರು. ಟ್ರ್ಯಾಕ್ಟರು ಅದೇ ಹುಣಸೇಮರದ ಕೆಳಗಿತ್ತು. ಅದೂ ಇದೂ ಮಾತಾಡಿದೆವು. ಇನ್ನು ಮುಚ್ಚಿಟ್ಟು ಪ್ರಯೋಜನವಿಲ್ಲ, ಗಾಡಿಯನ್ನು ಮುಂದೆ ಓಡಿಸುವವರಿಗಾದರೂ ಗೊತ್ತಿರಲಿ ಎಂದುಕೊಂಡು, ಗಂಟಲು ಸರಿಮಾಡಿಕೊಂಡು, ದೊಡ್ಡ ರಹಸ್ಯ ಬಿಚ್ಚುವವನ ಗತ್ತಿನಲ್ಲಿ ಶುರುಮಾಡಿದೆ: “ಅಮ್ಮಾ, ಆ ಕಾಯ್ಲು ಇದ್ಯಲ್ಲ...”

“ಸರಿಗಿಲ್ಲ ಅಂತ ಹೇಳಾಕೆ ಬಂದ್ಯಾ?” ಎಂದರು ಆಕೆ.

ನಾನು ಅಭ್ಯಾಸಬಲದಿಂದ ಹೂಂ ಎಂದೆ.

“ಟವಲ್ಲು ಒಗೆಯೋಳು ನಾನಲ್ವೇನಪ್ಪ? ಅವತ್ತೇ ಮಧ್ಯದಲ್ಲಿ ಇಷ್ಟಗಲ ಕಮರೋಗಿತ್ತು. ಸೆಕೆಗೆ ಯಾರ ತಲೆ ಹಂಗೆ ಟವಲ್ಲು ಸುಟ್ಟಾತು?”

ಇಷ್ಟು ವರ್ಷ ಆ ಗುಟ್ಟನ್ನು ಕಾಯುತ್ತಿದ್ದವನು ನಾನೊಬ್ಬನೇ ಎಂದಾಯಿತು. ನನ್ನ ಮದುವೆಯ ದಿನ ಯಜಮಾನರು ನನ್ನ ತಲೆಯ ಬಗ್ಗೆ ಹೇಳಿದ್ದಕ್ಕೆ ಬೇರೆ ಸಾಕ್ಷಿ ಬೇಕಿರಲಿಲ್ಲ.

“ಮತ್ಯಾಕೆ ಸುಮ್ನಿದ್ರಿ? ಎತ್ತು ತರ್ಸ್ಬೋದಾಗಿತ್ತಲ್ಲ?”

ಆಕೆ ಹುಣಸೇಮರದ ಕಡೆ ನೋಡಿದರು. “ಎತ್ತಿನ ಮ್ಯಾಲೆ ನಂಗೆ ಆಸೆ ಇತ್ತು ಕಣಪ್ಪ. ಇದ್ರ ಮ್ಯಾಲೆ ಅವ್ರಿಗೆ ಅದ್ಕಿಂತ ಆಸೆ ಇತ್ತು. ಬೆಳಿಗ್ಗೆ ಅವ್ರು ಏಳಾಕೆ ಮುಂಚೆ ನನ್ ಹಳೇ ಸೀರೆ ತುಂಡು ನೆನ್ಸಿ ಸೀಟಿನ ಕೆಳ್ಗೆ ಮಡಗ್ತಿದ್ದೆ. ಟವಲ್ಲು ಎಷ್ಟು ಅಂತ ಸುಡಾದು?”

“ಯಾರು ಮಡಗಿದ್ದು ಅಂತ ಅವ್ರು ಕೇಳ್ನಿಲ್ವಾ?”

“ಕೇಳ್ನಿಲ್ಲ” ಎಂದರು ಆಕೆ. “ಸಂಜೆ ಬಂದು ಆ ತುಂಡ್ನ ಚೆನ್ನಾಗಿ ಹಿಂಡಿ, ನನ್ ಸೀರೆ ಪಕ್ಕದಲ್ಲೇ ಒಣಗಾಕ್ತಿದ್ರು.”